ಅಷ್ಟು ದೊಡ್ಡ ಆಕಾಶದಲ್ಲಿ 75 ಅಡಿ

"ಅಲ್ರೀ ಸರ, ಇಷ್ಟ್ ದೊಡ್ಡ ಆಕಾಶ ಐತಿ. ರಸ್ತೆ ಇಲ್ಲ, ತೆಗ್ಗಿಲ್ಲ, ಅಡ್ಡ ದನಾ ಬರೂದಿಲ್ಲ. ಆದ್ರೂ ಅವೆರಡೂ ಬಂದು ಹೆಂಗ ಡಿಕ್ಕಿ ಹೊಡದ್ವು?"

ಬೆಳಗಾವಿಯ ಸಾಂಬ್ರಾ ರಸ್ತೆಯ ಚಹಾದಂಗಡಿಯಲ್ಲಿ ನಮ್ಮ ಓಣಿಯ ಕಾಕಾ ಕೇಳಿದ ಪ್ರಶ್ನೆ ಇದು. ಅವರ ಮೊಬೈಲಿಗೆ ಆ ಹಳೇ ವಿಡಿಯೋ ಮತ್ತೆ ಬಂದಿತ್ತು. ಕತ್ತಲಲ್ಲಿ ನದಿಯ ಮೇಲೆ ಎರಡು ದೀಪ ಹತ್ತಿರ ಬರುತ್ತವೆ, ಒಂದು ಬೆಂಕಿಯುಂಡೆ, ಅಷ್ಟೇ. ಎರಡು ಮಾತಲ್ಲಿ ಉತ್ತರ ಹೇಳಿ ಮುಗಿಸೋಣ ಅಂದುಕೊಂಡೆ. ಆಗಲಿಲ್ಲ. ಎರಡನೇ ಸಲ ಚಹಾ ಹೇಳಬೇಕಾಯಿತು. ಆವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆಕಾಶ ದೊಡ್ಡದು, ನಿಜ. ಆದರೆ ವಿಮಾನಗಳು ಇಡೀ ಆಕಾಶವನ್ನು ಬಳಸುವುದಿಲ್ಲ. ಏರ್‌ಪೋರ್ಟ್ ಹತ್ತಿರ ಬಂದಂತೆಲ್ಲ ಎಲ್ಲವೂ ಒಂದೇ ಬಾಯಿಗೆ ಬಂದು ಸೇರಬೇಕು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇದು ಗೊತ್ತು. ಸವದತ್ತಿ ಸುತ್ತ ಎಷ್ಟು ಬಯಲಿದೆ! ಆದರೂ ಗಾಡಿಗಳೆಲ್ಲ ಸಿಕ್ಕಿಕೊಳ್ಳುವುದು ಗುಡ್ಡ ಏರುವ ದಾರಿಯಲ್ಲೇ. ರನ್‌ವೇ ಅಂದರೆ ಆ ದಾರಿ.

ನಡೆದದ್ದು 2025ರ ಜನವರಿ 29ರ ರಾತ್ರಿ, ಅಲ್ಲಿನ ಸಮಯ 8 ಗಂಟೆ 48 ನಿಮಿಷದ ಹೊತ್ತಿಗೆ. ಜಾಗ ಅಮೆರಿಕದ ರಾಜಧಾನಿ ವಾಷಿಂಗ್ಟನ್, ಪೊಟೊಮ್ಯಾಕ್ ನದಿ ದಂಡೆಯ ರೇಗನ್ ನ್ಯಾಷನಲ್ ಏರ್‌ಪೋರ್ಟ್. ಕಾನ್ಸಾಸ್ ರಾಜ್ಯದ ವಿಚಿಟಾದಿಂದ ಬಂದ ಅಮೆರಿಕನ್ ಏರ್‌ಲೈನ್ಸ್‌ನ 5342 ನಂಬರಿನ ವಿಮಾನ ಇಳಿಯುತ್ತಿತ್ತು. ಸಿಆರ್‌ಜೆ-700 ಮಾದರಿಯ ಸಣ್ಣ ಜೆಟ್ ಅದು. ಒಳಗೆ 60 ಪ್ರಯಾಣಿಕರು, 4 ಸಿಬ್ಬಂದಿ. ಅಡ್ಡ ಬಂದದ್ದು ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್, ಅದರಲ್ಲಿ 3 ಜನ. ಒಟ್ಟು 67 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಿಟಾದಲ್ಲಿ ಐಸ್ ಸ್ಕೇಟಿಂಗ್ ಸ್ಪರ್ಧೆ ಮುಗಿದಿತ್ತು. ವಾಪಸ್ ಬರುತ್ತಿದ್ದ ಸ್ಕೇಟರ್‌ಗಳು, ಕೋಚ್‌ಗಳು, ಮಕ್ಕಳ ಜೊತೆ ಹೋಗಿದ್ದ ತಂದೆತಾಯಿ ಆ ವಿಮಾನದಲ್ಲಿದ್ದರು.

ಹೆಲಿಕಾಪ್ಟರ್‌ಗಳಿಗೆ ಆ ನದಿಯ ಮೇಲೆ ಒಂದು ದಾರಿ ಗುರುತು ಮಾಡಿದ್ದರು. ರೂಟ್ 4 ಅಂತ ಅದರ ಹೆಸರು. ಅಲ್ಲಿ 200 ಅಡಿಗಿಂತ ಮೇಲೆ ಹೋಗುವಂತಿರಲಿಲ್ಲ. 200 ಅಡಿ ಅಂದರೆ ಎಷ್ಟು? ನಮ್ಮ ಗೋಕಾಕ ಫಾಲ್ಸ್‌ನ ನೀರು ಸುಮಾರು 170 ಅಡಿ ಮೇಲಿಂದ ಬೀಳುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಡಿಕ್ಕಿಯಾದ ಕ್ಷಣದಲ್ಲಿ ಹೆಲಿಕಾಪ್ಟರ್ ಇದ್ದದ್ದು 278 ಅಡಿಯಲ್ಲಿ.

ಇದನ್ನು ಓದಿದ ತಕ್ಷಣ ಎಲ್ಲರೂ ಹೇಳುವುದು ಒಂದೇ: ನೋಡಿ, 78 ಅಡಿ ಮೇಲೆ ಹೋಗಿದ್ದಾರೆ, ಪೈಲಟ್‌ನದೇ ತಪ್ಪು, ಕೇಸ್ ಮುಗೀತು. ಮೊದಲ ವಾರ ಟಿವಿಗಳಲ್ಲೂ ಇದೇ ಮಾತು. ಆದರೆ ತನಿಖೆ ಮಾಡಿದ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಷ್ಟಕ್ಕೇ ಬಿಡಲಿಲ್ಲ. ಹೆಲಿಕಾಪ್ಟರ್ ಹೇಳಿದಂತೆ 200 ಅಡಿಯಲ್ಲೇ ಇದ್ದು, ವಿಮಾನವೂ 33 ಎಂಬ ನಂಬರಿನ ರನ್‌ವೇಗೆ ಸರಿಯಾದ ಇಳಿಜಾರಿನಲ್ಲೇ ಬಂದರೆ ಎರಡರ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಲೆಕ್ಕ ಹಾಕಿತು. ಒಂದು ಕಡೆ ಉಳಿಯುವುದು ಬರೀ 75 ಅಡಿ. ಏಳು ಮಹಡಿ ಕಟ್ಟಡದಷ್ಟು. ಯಾರೂ ತಪ್ಪು ಮಾಡದಿದ್ದರೂ ಇಷ್ಟೇ ಅಂತರ. ಒಬ್ಬರು ಸ್ವಲ್ಪ ತಪ್ಪಿದರೆ ಅದೂ ಇಲ್ಲ.

ಈ ಅಪಘಾತದ ಬಗ್ಗೆ ನಾನು ಓದಿದ್ದರಲ್ಲಿ ತಲೆಯಿಂದ ಹೋಗದೆ ಉಳಿದದ್ದು ಈ 75. ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಎತ್ತರದ ವಿಷಯ ಮೊದಲು ನೋಡೋಣ. ಗೋವಾದಲ್ಲಿ ಚಿಪ್ಸ್ ಪ್ಯಾಕೆಟ್ ತಗೊಂಡು ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದಿದ್ದೀರಾ? ಕೆಳಗೆ ಮೆತ್ತಗಿದ್ದ ಪ್ಯಾಕೆಟ್ ಮೇಲೆ ಬರುವ ಹೊತ್ತಿಗೆ ಬಲೂನಿನಂತೆ ಉಬ್ಬಿರುತ್ತದೆ. ಮೇಲೆ ಬಂದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನದ ಎತ್ತರಮಾಪಕದೊಳಗೆ ಇರುವುದೂ ಹೆಚ್ಚುಕಡಿಮೆ ಇದೇ. ಗಾಳಿ ತೆಗೆದು ಮುಚ್ಚಿದ ಒಂದು ತೆಳು ಡಬ್ಬಿ. ಅದು ಎಷ್ಟು ಉಬ್ಬಿತು ಎಂಬುದರ ಮೇಲೆ ಮುಳ್ಳು ಎತ್ತರ ತೋರಿಸುತ್ತದೆ. ಹವಾಮಾನ ಬದಲಾದರೆ ಒತ್ತಡವೂ ಬದಲಾಗುತ್ತದೆ. ಅದಕ್ಕೇ ಇಳಿಯುವ ಮುಂಚೆ ಆ ಊರಿನ ಆ ಹೊತ್ತಿನ ಒತ್ತಡ ಎಷ್ಟು ಅಂತ ಎಟಿಸಿಯವರು, ಅಂದರೆ ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು, ಹೇಳುತ್ತಾರೆ, ಪೈಲಟ್ ಗುಂಡಿ ತಿರುಗಿಸಿ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಒಂದು ಮಿಲಿಬಾರ್ ಹೆಚ್ಚುಕಡಿಮೆಯಾದರೆ ಸುಮಾರು 30 ಅಡಿ ವ್ಯತ್ಯಾಸ.

35 ಸಾವಿರ ಅಡಿಯಲ್ಲಿ ಹಾರುವಾಗ ನೂರು ಅಡಿ ಆಚೀಚೆ ಆದರೆ ಏನೂ ಆಗಲ್ಲ. ಅಲ್ಲಿ ಒಂದರ ಮೇಲೊಂದು ಹೋಗುವ ವಿಮಾನಗಳ ನಡುವೆ ಕನಿಷ್ಠ ಸಾವಿರ ಅಡಿ ಬಿಡುತ್ತಾರೆ. ಆದರೆ 75 ಅಡಿಯ ಸಂದಿಯಲ್ಲಿ ನೂರು ಅಡಿ ತಪ್ಪಿದರೆ?

ಆ ಹೆಲಿಕಾಪ್ಟರ್‌ನಲ್ಲಿ ಹೀಗೇ ಆಗಿರಬಹುದು. ಡಿಕ್ಕಿಗೆ ನಾಲ್ಕೈದು ನಿಮಿಷ ಮೊದಲು ಒಬ್ಬ ಪೈಲಟ್ 300 ಅಡಿ ಎಂದರು, ಪಕ್ಕದವರು 400 ಎಂದರು. ಒಂದೇ ಹೆಲಿಕಾಪ್ಟರ್, ಎರಡು ಸೀಟು, ಎರಡು ಲೆಕ್ಕ. ಆಮೇಲೆ ತನಿಖೆಯವರು ಅದೇ ಮಾದರಿಯ ಬೇರೆ ಹೆಲಿಕಾಪ್ಟರ್‌ಗಳನ್ನು ಹಾರಿಸಿ ನೋಡಿದರು. ಒತ್ತಡದ ಮಾಪಕ ನಿಜವಾದ ಎತ್ತರಕ್ಕಿಂತ 80ರಿಂದ 130 ಅಡಿ ಕಡಿಮೆ ತೋರಿಸುತ್ತಿತ್ತು. ಅಂದರೆ 278 ಅಡಿಯಲ್ಲಿದ್ದವರಿಗೆ ತಾವು 200ರ ಒಳಗೇ ಇದ್ದೇವೆ ಅನಿಸಿರಬಹುದು. ನೆಲಕ್ಕೆ ರೇಡಿಯೋ ಅಲೆ ಬಿಟ್ಟು ಅಳೆಯುವ ಇನ್ನೊಂದು ಮಾಪಕವೂ ಅದರಲ್ಲಿತ್ತು. 278 ಎಂಬ ಅಂಕಿ ಸಿಕ್ಕಿದ್ದೇ ಅದರಿಂದ. ಆದರೆ ರೂಟ್‌ನ ಮಿತಿಯನ್ನು ಪಾಲಿಸಲು ನೋಡುವುದು ಒತ್ತಡದ ಮಾಪಕವನ್ನು.

ಇನ್ನು ಕಣ್ಣು.

ಆ ರಾತ್ರಿ ಎಟಿಸಿಯ ಕಂಟ್ರೋಲರ್ ಹೆಲಿಕಾಪ್ಟರ್‌ಗೆ ವಿಮಾನದ ಬಗ್ಗೆ ಹೇಳಲಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹೇಳಿದ್ದರು. ಡಿಕ್ಕಿಗೆ ಎರಡು ನಿಮಿಷ ಮೊದಲೇ ಹೇಳಿದ್ದರು. ವಿಲ್ಸನ್ ಸೇತುವೆಯ ದಕ್ಷಿಣಕ್ಕೆ, 1200 ಅಡಿಯಲ್ಲಿ, 33ನೇ ರನ್‌ವೇಗೆ ಸುತ್ತಿ ಬರುತ್ತಿರುವ ಒಂದು ಸಿಆರ್‌ಜೆ ಇದೆ ಅಂತ. ಹೆಲಿಕಾಪ್ಟರ್‌ನವರು ಕಾಣಿಸುತ್ತಿದೆ, ನಾವೇ ನೋಡಿಕೊಂಡು ದೂರ ಇರುತ್ತೇವೆ ಎಂದರು. ಕಂಟ್ರೋಲರ್ ಒಪ್ಪಿದರು. ವಿಮಾನಯಾನದವರ ಭಾಷೆಯಲ್ಲಿ ಇದಕ್ಕೆ ವಿಷುವಲ್ ಸೆಪರೇಷನ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ "ನೋಡ್ಕೊಂಡ್ ಹೋಗ್ರಿ". ಒಮ್ಮೆ ಹೀಗೆ ಒಪ್ಪಿಕೊಂಡ ಮೇಲೆ ಅಂತರ ಕಾಯುವ ಜವಾಬ್ದಾರಿ ಪೈಲಟ್‌ನ ಕಣ್ಣಿನದು.

ಆದರೆ ಅವರು ಕಂಡದ್ದು ಯಾವ ವಿಮಾನ? ದಕ್ಷಿಣದಿಂದ ಆ ಏರ್‌ಪೋರ್ಟಿಗೆ ಸಾಲಾಗಿ ವಿಮಾನಗಳು ಬರುತ್ತಿದ್ದವು. ಎಲ್ಲದರ ಮೂತಿಯಲ್ಲೂ ಬಿಳಿ ಲೈಟು. ಹೆಚ್ಚಿನವು 1ನೇ ರನ್‌ವೇಗೆ ನೇರ ಬರುವವು. ನಮ್ಮ ಈ ಸಿಆರ್‌ಜೆಯೂ ಮೊದಲು ಅದೇ ರನ್‌ವೇಗೆ ಹೊರಟಿತ್ತು. 33ಕ್ಕೆ ಇಳಿಯಲು ಆಗುತ್ತಾ ಎಂದು ಟವರ್‌ನವರು ಕೇಳಿದರು, ಪೈಲಟ್ ಹೂಂ ಎಂದರು. ಹಾಗಾಗಿ ಅದು ನದಿಯ ಪೂರ್ವ ದಂಡೆಗೆ ಸರಿದು ಎಡಕ್ಕೆ ತಿರುಗಿ ಬರಬೇಕಾಯಿತು. ಸರಿಯಾಗಿ ರೂಟ್ 4ರ ಮೇಲೆಯೇ. ಹೆಲಿಕಾಪ್ಟರ್‌ನವರು ದೂರದ ಇನ್ಯಾವುದೋ ಲೈಟನ್ನೇ ಆ ವಿಮಾನ ಅಂದುಕೊಂಡಿದ್ದರೆ ಅದು ತೀರಾ ಸಹಜ.

ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ಕಡೆ ರಾತ್ರಿ ಗಾಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನಿಂದ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತಿರುತ್ತದೆ. ಮುಂದೆ ಹಿಂಬದಿ ಲೈಟಿಲ್ಲದ ಡಬಲ್ ಟ್ರೇಲರ್ ನಿಧಾನಕ್ಕೆ ಹೋಗುತ್ತಿರುತ್ತದೆ. ಅದು ಕಣ್ಣಿನ ಮುಂದೆಯೇ ಇದ್ದರೂ ಕಾಣುವುದಿಲ್ಲ. ಕಂಡಾಗ ಬ್ರೇಕ್ ಒತ್ತಲೂ ಸಮಯ ಇರುವುದಿಲ್ಲ. ನನಗೂ ಒಮ್ಮೆ ಲೋಕಾಪುರದ ಹತ್ತಿರ ಹಾಗೆ ಆಯಿತು. ಕಬ್ಬಿನ ಸೋಗೆ ಬಾನೆಟ್ ಸವರಿತು. ಆಮೇಲೆ ಹತ್ತು ನಿಮಿಷ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಸುಮ್ನೆ ಕೂತಿದ್ದೆ. ನಾನು ಆಗ ರಸ್ತೆ ನೋಡುತ್ತಿರಲಿಲ್ಲವೇ? ನೋಡುತ್ತಲೇ ಇದ್ದೆ.

ಇದಕ್ಕೆ ಇನ್ನೊಂದು ವಿಚಿತ್ರ ಸೇರಿಸಿ. ಎರಡು ವಾಹನ ಡಿಕ್ಕಿಯಾಗುವ ದಾರಿಯಲ್ಲಿದ್ದರೆ, ಒಂದರಲ್ಲಿ ಕೂತವನಿಗೆ ಇನ್ನೊಂದು ಗಾಜಿನ ಮೇಲೆ ಒಂದೇ ಕಡೆ ಅಂಟಿಕೊಂಡಂತೆ ಕಾಣುತ್ತದೆ. ಎಡಕ್ಕೂ ಸರಿಯಲ್ಲ, ಬಲಕ್ಕೂ ಸರಿಯಲ್ಲ. ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೇ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ಅಲುಗಾಡದ್ದನ್ನು ಬಿಟ್ಟುಬಿಡುತ್ತದೆ. ಅಂದರೆ ಯಾವುದು ಹೆಚ್ಚು ಅಪಾಯವೋ ಅದೇ ಕಡಿಮೆ ಕಾಣುತ್ತದೆ. ಹಿನ್ನೆಲೆಯಲ್ಲಿ ಊರಿನ ಸಾವಿರ ದೀಪಗಳಿದ್ದರೆ ಕೇಳುವುದೇ ಬೇಡ.

ಆ ಹಾರಾಟ ರಾತ್ರಿ ಕನ್ನಡಕದ ಪರೀಕ್ಷಾ ಹಾರಾಟವೂ ಆಗಿತ್ತು. ಕತ್ತಲಲ್ಲಿ ಕಾಣಿಸುವ ಆ ಕನ್ನಡಕ ಕಾಡಿನಲ್ಲಿ, ಗಡಿಯಲ್ಲಿ ವರ. ಆದರೆ ಅದರ ನೋಟ ಸುಮಾರು 40 ಡಿಗ್ರಿ ಅಗಲದ್ದು. ಎರಡು ಕೊಳವೆಯೊಳಗಿಂದ ನೋಡಿದ ಹಾಗೆ. ಪಕ್ಕದಿಂದ ಬರುವುದನ್ನು ಕಾಣಲು ತಲೆ ತಿರುಗಿಸಲೇಬೇಕು. ಬಣ್ಣ ಗೊತ್ತಾಗುವುದಿಲ್ಲ, ದೀಪಗಳು ಹರಡಿಕೊಂಡು ಕಾಣುತ್ತವೆ, ಯಾವುದು ಹತ್ತಿರ ಯಾವುದು ದೂರ ಹೇಳುವುದು ಕಷ್ಟ. ವಿಮಾನ ಬಂದದ್ದು ಎಡಗಡೆಯಿಂದ.

"ನೋಡ್ಕೊಂಡ್ ಹೋಗ್ರಿ" ಎಂಬುದು ಕೈಕೊಟ್ಟದ್ದು ಇದೇ ಮೊದಲಲ್ಲ. 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಬೋಯಿಂಗ್ 727 ಮತ್ತು ಒಂದು ಸಣ್ಣ ಸೆಸ್ನಾ ಡಿಕ್ಕಿಯಾಗಿ 144 ಜನ ಸತ್ತರು. ಅಲ್ಲೂ ಪೈಲಟ್‌ಗಳು ಸೆಸ್ನಾ ಕಂಡಿದೆ ಎಂದಿದ್ದರು. ಆಮೇಲೆ ಅದು ಕಣ್ತಪ್ಪಿತು. ಹಾಡಹಗಲು, ಶುಭ್ರ ಆಕಾಶ. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಪ್ರವಾಸಿಗರ ಹೆಲಿಕಾಪ್ಟರ್‌ಗೆ ಸಣ್ಣ ವಿಮಾನ ಬಡಿದು 9 ಜನ ಸತ್ತರು. ಅಲ್ಲಿ ಮಾತ್ರ ಪಾಠ ಕಲಿತರು. ಸುಮ್ಮನೆ ಹಾದುಹೋಗುವವರಿಗೆ ಒಂದು ಎತ್ತರ, ಅಲ್ಲೇ ಸುತ್ತುವವರಿಗೆ ಇನ್ನೊಂದು ಎಂದು ಬೇರೆ ಮಾಡಿದರು. ಅದೇ ದೇಶದ ರಾಜಧಾನಿಯಲ್ಲಿ ಮಾತ್ರ 75 ಅಡಿ ಹಾಗೇ ಉಳಿಯಿತು.

ಕಣ್ಣು ಕೈಕೊಟ್ಟರೆ ಕಿವಿ ಇದೆಯಲ್ಲ? ಅಲ್ಲೂ ಕೆಟ್ಟ ಗಳಿಗೆ. ರೇಡಿಯೋದಲ್ಲಿ ಒಂದು ಸಮಸ್ಯೆ ಇದೆ: ಒಂದು ಸಲಕ್ಕೆ ಒಬ್ಬರು ಮಾತ್ರ ಮಾತನಾಡಬೇಕು. ನೀವು ಗುಂಡಿ ಒತ್ತಿ ಮಾತನಾಡುವಾಗ ನಿಮಗೆ ಬೇರೆಯವರ ಮಾತು ಕೇಳುವುದಿಲ್ಲ. ಶಾಲೆಯಿಂದ ಗೋಳಗುಮ್ಮಟಕ್ಕೆ ಹೋದ ನೆನಪಿದೆಯಾ? ಆ ಮೇಲಿನ ಗ್ಯಾಲರಿಯಲ್ಲಿ ಒಬ್ಬ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳುತ್ತದೆ. ಅದೇ ಎರಡು ಶಾಲೆಯ ಮಕ್ಕಳು ಒಟ್ಟಿಗೆ ಕೂಗಲು ಶುರು ಮಾಡಿದರೆ ಬರೀ ಗದ್ದಲ, ಒಂದು ಪದವೂ ತಿಳಿಯಲ್ಲ.

ಡಿಕ್ಕಿಗೆ ಸುಮಾರು 20 ಸೆಕೆಂಡ್ ಮೊದಲು ಕಂಟ್ರೋಲರ್ ಮತ್ತೆ ಕೇಳಿದರು, ಸಿಆರ್‌ಜೆ ಕಾಣುತ್ತಿದೆಯಾ ಅಂತ. ಆ ಮಾತಿನ ಹಿಂದೆ ಟವರ್‌ನ ಅಪಾಯದ ಅಲಾರಂ ಕೂಗುತ್ತಿರುವುದು ರೆಕಾರ್ಡ್ ಆಗಿದೆ. ಅದರ ಬೆನ್ನಿಗೇ ಆ ವಿಮಾನದ ಹಿಂದಿನಿಂದ ಹೋಗಿ ಎಂದರು. ಸರಿಯಾದ ಮಾತು, ಇನ್ನೂ ಸಮಯವಿತ್ತು. ಆದರೆ ಹೆಲಿಕಾಪ್ಟರ್‌ನಲ್ಲಿ ಅದೇ ಕ್ಷಣಕ್ಕೆ ಮೈಕಿನ ಗುಂಡಿ ಒತ್ತಿದ್ದರು. 0.8 ಸೆಕೆಂಡ್. "ಹಿಂದಿನಿಂದ ಹೋಗಿ" ಎಂಬ ಆ ತುಂಡೇ ಅವರ ಕಿವಿಗೆ ಬೀಳಲಿಲ್ಲ. ಎರಡು ನಿಮಿಷ ಹಿಂದಿನ ಮಾತಿನಲ್ಲಿ "ಸುತ್ತಿ ಬರುತ್ತಿದೆ" ಎಂಬ ಪದವೂ ಹೆಲಿಕಾಪ್ಟರ್‌ನ ಬ್ಲ್ಯಾಕ್ ಬಾಕ್ಸ್‌ನಲ್ಲಿ ಇಲ್ಲ. ಬೇಕಿದ್ದ ಪದಗಳು ಈ ಎರಡೇ. ಎರಡೂ ತಲುಪಲಿಲ್ಲ.

ಕಂಟ್ರೋಲರ್ ಒಬ್ಬರೇ ವಿಮಾನಕ್ಕೂ ಹೆಲಿಕಾಪ್ಟರ್‌ಗೂ ಮಾತನಾಡುತ್ತಿದ್ದರು, ಆದರೆ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ. ಹಾಗಾಗಿ ಹೆಲಿಕಾಪ್ಟರ್ ಏನು ಹೇಳಿತು ಎಂಬುದು ವಿಮಾನದವರಿಗೆ ಕೇಳಲೇ ಇಲ್ಲ. ಎರಡು ಕುರ್ಚಿಯ ಕೆಲಸ ಒಬ್ಬರ ಮೇಲೆ ಬಿದ್ದದ್ದೂ ಚರ್ಚೆಯಾಯಿತು. ಮಾಮೂಲಿಯಾಗಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಆ ಎರಡು ಕೆಲಸ ಒಂದು ಮಾಡುತ್ತಿದ್ದರು, ಅಂದು ಮಧ್ಯಾಹ್ನವೇ ಮಾಡಿದ್ದರು.

ಹಾಗಾದರೆ ಯಂತ್ರಗಳು ಏನು ಮಾಡುತ್ತಿದ್ದವು? ಪ್ರಯಾಣಿಕ ವಿಮಾನಗಳಲ್ಲಿ ಟಿಕಾಸ್ ಎಂಬ ವ್ಯವಸ್ಥೆ ಇರುತ್ತದೆ. ಹತ್ತಿರ ಇನ್ನೊಂದು ವಿಮಾನ ಬಂದರೆ ಮೊದಲು "ಟ್ರಾಫಿಕ್, ಟ್ರಾಫಿಕ್" ಅನ್ನುತ್ತದೆ, ಅಪಾಯ ಹೆಚ್ಚಾದರೆ ಮೇಲೆ ಹೋಗು ಅಥವಾ ಕೆಳಗೆ ಹೋಗು ಎಂದು ಆಜ್ಞೆ ಮಾಡುತ್ತದೆ. ಆದರೆ ನೆಲದಿಂದ ಸುಮಾರು ಸಾವಿರ ಅಡಿಯೊಳಗೆ ಈ ಆಜ್ಞೆ ತಾನಾಗಿ ಬಂದ್ ಆಗುತ್ತದೆ. ಇಳಿಯುವಾಗ ಕೆಳಗೆ ಹೋಗು ಅಂದರೆ ನೆಲಕ್ಕೇ ಬಡಿಯಬೇಕಲ್ಲ, ಅದಕ್ಕೆ. ಹಾಗಾಗಿ ಆ ರಾತ್ರಿ ಸಿಆರ್‌ಜೆ ಪೈಲಟ್‌ಗಳಿಗೆ "ಟ್ರಾಫಿಕ್" ಎಂಬುದಷ್ಟೇ ಕೇಳಿತು, ಏನು ಮಾಡಬೇಕೆಂದು ಹೇಳುವ ದನಿ ಕೇಳಲಿಲ್ಲ. ಹೆಲಿಕಾಪ್ಟರ್ ತನ್ನ ಜಾಗವನ್ನು ಸೆಕೆಂಡಿಗೊಮ್ಮೆ ಸಾರುವ ಎಡಿಎಸ್-ಬಿ ಸಿಗ್ನಲ್ಲನ್ನೂ ಕಳಿಸುತ್ತಿರಲಿಲ್ಲ. ಸೇನೆಗೆ ಅಲ್ಲಿ ಅದರಿಂದ ರಿಯಾಯ್ತಿ ಇತ್ತು. ಕೊನೇ ಒಂದೆರಡು ಸೆಕೆಂಡಿನಲ್ಲಿ ವಿಮಾನದ ಮೂತಿ ಮೇಲಕ್ಕೆ ಎತ್ತಿದ್ದು ದಾಖಲೆಯಲ್ಲಿದೆ. ಪೈಲಟ್‌ಗಳು ಹೆಲಿಕಾಪ್ಟರನ್ನು ಕಂಡಿದ್ದರು.

ಇಷ್ಟು ಕೇಳಿದ ಮೇಲೆ ಕಾಕಾ ಅಂದರು, "ಹಂಗಾರ ಅವತ್ತ ಎಲ್ಲಾ ಒಮ್ಮಿಗೇ ಕೆಟ್ಟಿತು. ನಸೀಬು ಅಷ್ಟ."

ಇಲ್ಲಿ ಮಾತ್ರ ನಾನು ಒಪ್ಪಲಿಲ್ಲ. ಎನ್‌ಟಿಎಸ್‌ಬಿ ಹಳೆಯ ದಾಖಲೆ ತೆಗೆದು ನೋಡಿತು. 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನವರೆಗೆ ಆ ಒಂದೇ ಏರ್‌ಪೋರ್ಟಿನ ಬಳಿ ವಿಮಾನ ಮತ್ತು ಹೆಲಿಕಾಪ್ಟರ್ ಒಂದು ನಾಟಿಕಲ್ ಮೈಲಿಗಿಂತ (ಸುಮಾರು 1.85 ಕಿಲೋಮೀಟರ್) ಹತ್ತಿರ, ಎತ್ತರದಲ್ಲಿ 400 ಅಡಿಗಿಂತ ಹತ್ತಿರ ಬಂದದ್ದು 15,214 ಸಲ. ಅದರಲ್ಲಿ 85 ಸಲ ಅಡ್ಡಡ್ಡ ಅಂತರ 1500 ಅಡಿಗಿಂತ ಕಡಿಮೆ, ಎತ್ತರದ ಅಂತರ 200 ಅಡಿಗಿಂತ ಕಡಿಮೆ. 2011ರಿಂದ 2024ರವರೆಗೆ ತಿಂಗಳಿಗೆ ಒಮ್ಮೆಯಾದರೂ ಹೆಲಿಕಾಪ್ಟರ್ ಹತ್ತಿರ ಬಂತೆಂದು ವಿಮಾನದ ಟಿಕಾಸ್ ಆಜ್ಞೆ ಕೂಗಿದೆ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಹೆಲಿಕಾಪ್ಟರ್ ತನ್ನ ಮಿತಿಗಿಂತ ಮೇಲಿದ್ದಿರಬಹುದು. ಮೂರರಲ್ಲಿ ಎರಡು ಪಾಲು ನಡೆದದ್ದು ರಾತ್ರಿ. ಡಿಕ್ಕಿಯ ಹಿಂದಿನ ದಿನವೇ ಇನ್ನೊಂದು ವಿಮಾನ ಹೆಲಿಕಾಪ್ಟರ್ ಅಡ್ಡ ಬಂತೆಂದು ಇಳಿಯದೆ ಮತ್ತೆ ಮೇಲೇರಿತ್ತು.

ಇದು ನಸೀಬು ಅಲ್ಲ, ಅಲ್ವಾ? ಇದು ಸರ್ಕಾರದ ಕಂಪ್ಯೂಟರಿನಲ್ಲೇ ಕೂತಿದ್ದ ಲೆಕ್ಕ. ಕೂಡಿಸಿ ನೋಡುವವರು ಇರಲಿಲ್ಲ. ಅಪಘಾತವಾದ ಆರು ವಾರದಲ್ಲಿ ಎನ್‌ಟಿಎಸ್‌ಬಿ ಅದೇ ಲೆಕ್ಕ ಕೂಡಿಸಿ ಜನರ ಮುಂದಿಟ್ಟಿತು. ಅಂದರೆ ಆರು ವಾರದ ಕೆಲಸ ಅದು. ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಈ ವಿಷಯದಲ್ಲಿ ಸಿಟ್ಟನ್ನು ಮುಚ್ಚಿಡಲಿಲ್ಲ. 2026ರ ಜನವರಿ ಕೊನೆಯಲ್ಲಿ ಮಂಡಳಿ ತನ್ನ ತೀರ್ಮಾನ ಹೇಳಿದಾಗಲೂ ಮೊದಲಿಗೆ ಬಂದದ್ದು ಪೈಲಟ್ ಹೆಸರಲ್ಲ. ವಿಮಾನ ಇಳಿಯುವ ದಾರಿಗೆ ಅಷ್ಟು ಹತ್ತಿರ ಹೆಲಿಕಾಪ್ಟರ್ ದಾರಿ ಇಟ್ಟದ್ದು, ಅದನ್ನು ಆಗಾಗ ಪರಿಶೀಲಿಸದೆ ಬಿಟ್ಟದ್ದು, ಕಣ್ಣಿನ ಮೇಲೆ ಅತಿಯಾಗಿ ಭಾರ ಹಾಕಿದ್ದು. ಇವೇ ಮುಖ್ಯ, ಜವಾಬ್ದಾರಿ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯದು. ಹೆಲಿಕಾಪ್ಟರ್‌ನವರು ನಿಜಕ್ಕೂ ಅಂತರ ಕಾಯಲಿಲ್ಲ ಎಂಬುದೂ ಅದರಲ್ಲಿದೆ, ಆದರೆ ಆಮೇಲೆ.

ಮೊಬೈಲಿನಲ್ಲಿ ಕಾಕಾಗೆ ಆ ನದಿಯ ನಕ್ಷೆ ತೋರಿಸಿದೆ. ಹೆಲಿಕಾಪ್ಟರ್ ದಾರಿಯ ಗೆರೆ, ಅದನ್ನು ಅಡ್ಡ ಕತ್ತರಿಸುವ ರನ್‌ವೇ ದಾರಿ. ಕಾಕಾ ಬೆರಳಿಟ್ಟು ನೋಡಿ ಕೇಳಿದರು: "ಈ ಗೆರಿ ಹೊಡದಾಂವ ಯಾರು?"

ನಮ್ಮಲ್ಲೂ ಇಂಥ ಗೆರೆಗಳಿದ್ದವು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಜಂಬೋ ಮತ್ತು ಕಜಕಿಸ್ತಾನದ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಆಕಾಶದ ಡಿಕ್ಕಿಗಳಲ್ಲಿ ಇಂದಿಗೂ ಅದಕ್ಕಿಂತ ದೊಡ್ಡದಿಲ್ಲ. ಕಜಕ್ ವಿಮಾನ ತನಗೆ ಹೇಳಿದ 15 ಸಾವಿರ ಅಡಿಗಿಂತ ಕೆಳಗೆ ಇಳಿದಿತ್ತು, ತಪ್ಪು ಅವರದೇ. ಆದರೆ ಆಗ ದಿಲ್ಲಿಗೆ ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಇದ್ದದ್ದು ಒಂದೇ ದಾರಿ, ಎದುರುಬದುರು. ವಿಮಾನದ ಎತ್ತರ ತೋರಿಸುವ ರಾಡಾರ್ ಕಂಟ್ರೋಲರ್ ಬಳಿ ಇರಲಿಲ್ಲ. ದಾರಿ ಬೇರೆ ಮಾಡಿದ್ದು, ಟಿಕಾಸ್ ಕಡ್ಡಾಯ ಮಾಡಿದ್ದು ಆ ಸಾವುಗಳ ನಂತರ.

ಬೆಳಗಾವಿಯವರಿಗೆ ಇದು ಬರೀ ದೂರದ ಸುದ್ದಿಯೂ ಅಲ್ಲ. 2023ರ ಜನವರಿ 28ರಂದು ಗ್ವಾಲಿಯರ್‌ನಿಂದ ಹಾರಿದ ಸುಖೋಯ್ ಮತ್ತು ಮಿರಾಜ್ ಯುದ್ಧವಿಮಾನಗಳು ಮೊರೇನಾ ಬಳಿ ಬಿದ್ದವು. ಆಕಾಶದಲ್ಲೇ ಒಂದಕ್ಕೊಂದು ತಾಗಿರಬಹುದು ಎಂದು ಆಗ ವರದಿಗಳು ಬಂದಿದ್ದವು. ಸುಖೋಯ್‌ನ ಇಬ್ಬರು ಹೊರಹಾರಿ ಬದುಕಿದರು. ಮಡಿದ ಮಿರಾಜ್ ಪೈಲಟ್ ನಮ್ಮೂರಿನವರು. ಯುದ್ಧವಿಮಾನಗಳ ತರಬೇತಿಯ ಲೆಕ್ಕ ಬೇರೆ, ಅಲ್ಲಿ ಬೇಕೆಂದೇ ಹತ್ತಿರ ಹಾರುತ್ತಾರೆ. ಆದರೂ ಆ ದಿನ ಊರಿಗೆ ಊರೇ ಸುಮ್ಮನಾಗಿತ್ತು.

ಪ್ರಯಾಣಿಕ ವಿಮಾನಗಳ ವಿಷಯಕ್ಕೆ ಬಂದರೆ, 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ಒಂದೇ ಕಂಪನಿಯ ಎರಡು ವಿಮಾನ ಅಕ್ಕಪಕ್ಕದ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಏರಿ ಒಂದರ ಕಡೆಗೊಂದು ತಿರುಗಿದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಒಂದೇ ರನ್‌ವೇ ಬಳಸೋಣ ಎಂಬ ತೀರ್ಮಾನ ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ತಲುಪಿರಲಿಲ್ಲ. ರಾಡಾರ್ ನೋಡುತ್ತಿದ್ದ ಕಂಟ್ರೋಲರ್ ಎರಡನ್ನೂ ಬೇರೆ ಬೇರೆ ಕಡೆ ತಿರುಗಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಉಳಿದರು. ಇದು ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲ ಎಂದು ಆಮೇಲೆ ಸುದ್ದಿಯಾಯಿತು. ನನಗೆ ಡಿಕ್ಕಿ ತಪ್ಪಿದ್ದಕ್ಕಿಂತ ಇದೇ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು.

ಈಗ ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿಗೆ ಬರೋಣ. ಇಲ್ಲಿ ಒಂದೇ ರನ್‌ವೇ, ಪೂರ್ವ-ಪಶ್ಚಿಮ. ಒಂದು ತುದಿಗೆ 08, ಇನ್ನೊಂದಕ್ಕೆ 26 ಎಂದು ಹೆಸರು. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದ ಅಂಕಿ ಅವು. 2021ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬಂದ ಒಂದು ಪ್ರಯಾಣಿಕ ವಿಮಾನಕ್ಕೆ 26ರ ಕಡೆಯಿಂದ ಇಳಿಯಲು ಅನುಮತಿ ಕೊಟ್ಟಿದ್ದರು. ಅದು 08ರ ಕಡೆಯಿಂದ ಬಂದು ಇಳಿಯಿತು. ಅಂದರೆ ಒನ್‌ವೇಯಲ್ಲಿ ಉಲ್ಟಾ. ಯಾರಿಗೂ ಏನೂ ಆಗಲಿಲ್ಲ. ಪೈಲಟ್‌ಗಳನ್ನು ಕೆಲಸದಿಂದ ದೂರ ಇಟ್ಟರು, ತನಿಖೆ ಎಂದರು, ಊರಲ್ಲಿ ಎರಡು ದಿನ ಮಾತಾಯಿತು. ಆ ಹೊತ್ತಿಗೆ ಎದುರಿನ ತುದಿಯಲ್ಲಿ ಇನ್ನೊಂದು ವಿಮಾನ ಹಾರಲು ನಿಂತಿರಲಿಲ್ಲ, ಅದೊಂದೇ ಪುಣ್ಯ.

ಆಮೇಲೆ ಇಲ್ಲಿ ಹಾರುವವರು ಹೆಚ್ಚಾದರು. ಪೈಲಟ್ ತರಬೇತಿಯ ಸಣ್ಣ ವಿಮಾನಗಳು ಬಂದವು. ಅದರಲ್ಲೊಂದು 2023ರ ಮೇ ಕೊನೆಯಲ್ಲಿ ಹೊನ್ನಿಹಾಳದ ಹೊಲದಲ್ಲಿ ಇಳಿದದ್ದು ನೆನಪಿರಬಹುದು, ನೋಡಲು ಜಾತ್ರೆಯಂತೆ ಜನ ಸೇರಿದ್ದರು. ಪಕ್ಕದಲ್ಲೇ ವಾಯುಪಡೆಯ ತರಬೇತಿ ಕೇಂದ್ರ ಇದೆ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ ಮಂತ್ರಿಗಳ ವಿಶೇಷ ವಿಮಾನ, ಹೆಲಿಕಾಪ್ಟರ್. ಚುನಾವಣೆ ಬಂದರೆ ಹೈಸ್ಕೂಲ್ ಗ್ರೌಂಡಿಗೊಂದು ಹೆಲಿಪ್ಯಾಡ್. ಗಂಟೆಗೆ ಸುಮಾರು ಇನ್ನೂರು ಕಿಲೋಮೀಟರ್ ವೇಗದಲ್ಲಿ ಹಾರುವ ಕಲಿಯುವ ಹುಡುಗ, ಅದಕ್ಕಿಂತ ಎಷ್ಟೋ ವೇಗದಲ್ಲಿ ಬರುವ ಜೆಟ್, ಎಲ್ಲಿಂದ ಬೇಕಾದರೂ ಏಳುವ ಹೆಲಿಕಾಪ್ಟರ್. ವಾಷಿಂಗ್ಟನ್‌ನ ಜನಜಂಗುಳಿಗೆ ಇದನ್ನು ಹೋಲಿಸುವುದು ಅತಿಯಾಯಿತು, ಒಪ್ಪುತ್ತೇನೆ. ಇಲ್ಲಿ ದಿನಕ್ಕೆ ಬರುವ ವಿಮಾನ ಬೆರಳಲ್ಲಿ ಎಣಿಸಬಹುದು. ಆದರೆ ಸ್ಯಾನ್ ಡಿಯಾಗೋದಲ್ಲಿ ಬಡಿದದ್ದೂ ಒಂದು ಜೆಟ್ ಮತ್ತು ಪೈಲಟ್ ತರಬೇತಿಯಲ್ಲಿದ್ದ ಒಂದು ಸೆಸ್ನಾ, ಎರಡೇ.

ನಮ್ಮಲ್ಲಿ ಏರ್‌ಪೋರ್ಟ್ ಸಲಹಾ ಸಮಿತಿ ಸಭೆ ಅಂದರೆ ದಿಲ್ಲಿ ವಿಮಾನ ಯಾವಾಗ, ಮುಂಬೈ ವಿಮಾನ ಯಾಕೆ ನಿಂತಿತು, ಟರ್ಮಿನಲ್ ಎಷ್ಟು ದೊಡ್ಡದು ಎಂಬ ಮಾತುಗಳೇ. ಕೇಳಬೇಕಾದ್ದು ಇನ್ನೂ ಇದೆ. ಕಳೆದ ವರ್ಷ ಸಾಂಬ್ರಾ ಸುತ್ತ ಎರಡು ವಿಮಾನ ಬೇಕಾದ್ದಕ್ಕಿಂತ ಹತ್ತಿರ ಬಂದದ್ದು ಎಷ್ಟು ಸಲ? ತರಬೇತಿ ವಿಮಾನ ಸುತ್ತು ಹಾಕುವಾಗ ಜೆಟ್ ಬಂದರೆ ಅದನ್ನು ಯಾವ ಎತ್ತರಕ್ಕೆ, ಯಾವ ಕಡೆಗೆ ಕಳಿಸುತ್ತಾರೆ? ಅಧಿವೇಶನದ ದಿನ ಹೆಲಿಕಾಪ್ಟರ್ ಬರುವ ದಾರಿ ರನ್‌ವೇ ದಾರಿಯನ್ನು ಎಲ್ಲಿ ದಾಟುತ್ತದೆ, ಅಲ್ಲಿ ನಡುವೆ ಎಷ್ಟು ಅಡಿ?

ಕಾಕಾ ಚಹಾದ ದುಡ್ಡು ಕೊಡುವಾಗ ತಲೆಯ ಮೇಲೆ ಒಂದು ಸಣ್ಣ ವಿಮಾನ ಹೋಯಿತು. ಕೈಯನ್ನು ಹಣೆಗೆ ಅಡ್ಡ ಇಟ್ಟು ಬಹಳ ಹೊತ್ತು ನೋಡಿದರು. "ಇದು ಎಷ್ಟ್ ಮ್ಯಾಲೈತಿ ಅಂತೀರಿ?" ಎಂದು ಕೇಳಿದರು. ನಾನು ಐನೂರು ಅಡಿ ಅಂದೆ. ಅಂಗಡಿಯವನು ಸಾವಿರ ಅಂದ.